ಕಲ್ಲು ಆರಿಸೋಣ, ಅಕ್ಕಿ ಚೆಲ್ಲದಿರೋಣ



ಒಂದು ಸಣ್ಣ ಲೆಕ್ಕದಿಂದ ಆರಂಭಿಸೋಣ. ಈ ಒಂಬತ್ತು ಸಂಖ್ಯೆಗಳನ್ನು ಗಮನಿಸಿ.

52   50   51
49   255   53
50   52   48

ಇವುಗಳಲ್ಲಿ ಒಂದು ಸಂಖ್ಯೆ ಈ ಗುಂಪಿಗೆ ಸೇರಿದ್ದಲ್ಲ ಎಂದು ನಾಲ್ಕನೆಯ ತರಗತಿಯ ಮಗುವೂ ಬೆರಳಿಟ್ಟು ತೋರಿಸುತ್ತದೆ. ಆ ಜಾಗದಲ್ಲಿ ಯಾವ ಸಂಖ್ಯೆ ಇರಬೇಕಿತ್ತು ಎಂದು ಕೇಳಿ ನೋಡಿ. "ಐವತ್ತೋ ಐವತ್ತೊಂದೋ ಇರಬೇಕು ಸಾರ್" ಎಂಬ ಉತ್ತರ ಬರುತ್ತದೆ. ಇದೇ ಪ್ರಶ್ನೆಯನ್ನು ತರಬೇತಿಗಳಲ್ಲಿ ನಮ್ಮ ಮುಂದಿಟ್ಟಾಗ ನಮ್ಮಲ್ಲಿ ಹೆಚ್ಚಿನವರು ಒಂಬತ್ತನ್ನೂ ಕೂಡಿಸಿ, ಒಂಬತ್ತರಿಂದ ಭಾಗಿಸಿ, ಸುಮಾರು 73 ಎನ್ನುತ್ತೇವೆ. ಲೆಕ್ಕ ಸರಿಯಾಗಿದೆ. ಆದರೆ ಉಳಿದ ಎಂಟು ಸಂಖ್ಯೆಗಳು 48 ರಿಂದ 53 ರ ಒಳಗಿವೆ. 73 ಅವುಗಳಲ್ಲಿ ಯಾವುದಕ್ಕೂ ಹತ್ತಿರವಿಲ್ಲ. ಇಲ್ಲಿ ಮಗು ಹೇಳಿದ್ದೇ ಹೆಚ್ಚು ಸರಿ.

ಈ ಒಂಬತ್ತು ಸಂಖ್ಯೆಗಳನ್ನು ಒಂದು ಡಿಜಿಟಲ್ ಚಿತ್ರದ ಪುಟ್ಟ ತುಣುಕು ಎಂದು ಭಾವಿಸಿ. ನಡುವಿನ 255 ಆ ಚಿತ್ರದ ಮೇಲೆ ಬಿದ್ದಿರುವ ಬಿಳಿ ಚುಕ್ಕೆ. ಇಂತಹ ಚುಕ್ಕೆಗಳನ್ನು ತೆಗೆಯುವ ವಿಧಾನವನ್ನು ನಮ್ಮ ಹಿರಿಯ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಕಲಿಸಬೇಕು, ಶಾಲೆಯಲ್ಲಿ ಗಣಕಯಂತ್ರ ಇರಲಿ ಇಲ್ಲದಿರಲಿ, ಚೌಕಳಿ ಹಾಳೆಯ ಮೇಲೆ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಜೊತೆಗೇ, ತೆಗೆಯಬಾರದ್ದನ್ನು ತೆಗೆಯದಿರುವ ಎಚ್ಚರವನ್ನೂ ಕಲಿಸಬೇಕು. ಈ ಎರಡನೆಯದು ಇನ್ನೂ ಮುಖ್ಯ. ಏಕೆ ಎಂಬುದನ್ನು ಮುಂದೆ ನೋಡೋಣ.

ಚಿತ್ರವೆಂದರೆ ಸಂಖ್ಯೆಗಳ ಚೌಕಳಿ

ಡಿಜಿಟಲ್ ಚಿತ್ರವನ್ನು ಬಹಳ ದೊಡ್ಡದು ಮಾಡಿ ನೋಡಿದರೆ ಅದು ಸಣ್ಣ ಸಣ್ಣ ಚೌಕಗಳಾಗಿ ಕಾಣುತ್ತದೆ. ಈ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಚಿತ್ರಬಿಂದು ಎಂದೂ ಕರೆಯಬಹುದು. ಕಪ್ಪು-ಬಿಳುಪು ಚಿತ್ರದಲ್ಲಿ ಪ್ರತಿ ಚೌಕಕ್ಕೂ ಸಾಮಾನ್ಯವಾಗಿ 0 ಯಿಂದ 255 ರವರೆಗಿನ ಒಂದು ಸಂಖ್ಯೆ ಇರುತ್ತದೆ. 0 ಎಂದರೆ ಕಡುಕಪ್ಪು, 255 ಎಂದರೆ ಅಚ್ಚಬಿಳಿ, ನಡುವಿನವೆಲ್ಲ ಬೂದುಬಣ್ಣದ ಛಾಯೆಗಳು.

ಇದಕ್ಕೆ ಸೊಗಸಾದ ಒಂದು ಉದಾಹರಣೆ 1965 ರ ಜುಲೈ ತಿಂಗಳಿನದು. ಅಮೆರಿಕದ ಮ್ಯಾರಿನರ್-4 ನೌಕೆ ಮಂಗಳ ಗ್ರಹದ ಪಕ್ಕದಲ್ಲಿ ಹಾದುಹೋಗುತ್ತಾ ಆ ಗ್ರಹದ ಮೊದಲ ಸಮೀಪ ಚಿತ್ರಗಳನ್ನು ತೆಗೆಯಿತು. ಒಂದು ಚಿತ್ರದಲ್ಲಿ 200 ಸಾಲು, ಸಾಲಿಗೆ 200 ಚೌಕ. ಪ್ರತಿ ಚೌಕಕ್ಕೆ 0 ಯಿಂದ 63 ರವರೆಗಿನ ಒಂದು ಸಂಖ್ಯೆ. ಒಂದೇ ಒಂದು ಚಿತ್ರ ಭೂಮಿಗೆ ಬಂದು ಸೇರಲು ಸುಮಾರು ಎಂಟು ಗಂಟೆ ಬೇಕಾಗುತ್ತಿತ್ತು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಬರುತ್ತಿದ್ದ ಸಂಖ್ಯೆಗಳನ್ನು ಕಾಗದದ ಪಟ್ಟಿಗಳ ಮೇಲೆ ಮುದ್ರಿಸಿ, ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಯಾವ ಸಂಖ್ಯೆಗೆ ಯಾವ ಬಣ್ಣ ಎಂದು ಗೊತ್ತುಮಾಡಿಕೊಂಡು ಬಣ್ಣದ ಕಡ್ಡಿಗಳಿಂದ ಕೈಯಲ್ಲೇ ತುಂಬಿದರು. ಹೀಗೆ ಮಂಗಳ ಗ್ರಹದ ಅಂಚು ಗಣಕಯಂತ್ರದಲ್ಲಿ ಪೂರ್ಣವಾಗಿ ಮೂಡುವ ಮೊದಲೇ ಕಾಗದದ ಮೇಲೆ ಕಾಣಿಸಿಕೊಂಡಿತು. ನಮ್ಮ ಮಕ್ಕಳು ಮಾಡಬಹುದಾದ ಕೆಲಸವನ್ನೇ ಅವರೂ ಮಾಡಿದ್ದು!

ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿರುವ 32 ಮೀಟರ್ ವ್ಯಾಸದ ಆಂಟೆನಾ 2008 ರ ಚಂದ್ರಯಾನ-1 ಮತ್ತು 2013 ರಲ್ಲಿ ಹೊರಟ ಮಂಗಳಯಾನದಿಂದ ಹಿಡಿದದ್ದೂ ಇಂತಹ ಸಂಖ್ಯೆಗಳ ಸಾಲುಗಳನ್ನೇ.

ಚುಕ್ಕೆ ಎಲ್ಲಿಂದ ಬಂತು?

ಗಣಕಯಂತ್ರಕ್ಕೆ ಗೊತ್ತಿರುವುದು 0 ಮತ್ತು 1 ಎಂಬ ಎರಡೇ ಅಂಕಿಗಳು. 51 ನ್ನು ಅದು 00110011 ಎಂದು ಬರೆದುಕೊಳ್ಳುತ್ತದೆ. ಇದು ಸ್ಥಾನಬೆಲೆಯ ಪಾಠವೇ. ನಮ್ಮ ಪದ್ಧತಿಯಲ್ಲಿ ಬಲದಿಂದ ಬಿಡಿ, ಹತ್ತು, ನೂರು. ಅಲ್ಲಿ 1, 2, 4, 8 ಎಂದು ಇಮ್ಮಡಿಸುತ್ತಾ 128 ರವರೆಗೆ. ಸಂಕೇತ ಬರುವ ದಾರಿಯಲ್ಲಿ ಎಲ್ಲೋ ಒಂದು ಅಂಕಿ ಅದಲುಬದಲಾಯಿತು ಎನ್ನಿ. ಬಲತುದಿಯ ಅಂಕಿ ಬದಲಾದರೆ 51 ಹೋಗಿ 50 ಆಗುತ್ತದೆ. ಕಣ್ಣಿಗೆ ಗೊತ್ತೇ ಆಗದು. ಎಡತುದಿಯ ಅಂಕಿ ಬದಲಾದರೆ 51 ಕ್ಕೆ 128 ಸೇರಿ 179 ಆಗುತ್ತದೆ. ಬೂದು ಬಣ್ಣದ ನಡುವೆ ದಿಢೀರನೆ ಒಂದು ಬೆಳ್ಳನೆಯ ಚುಕ್ಕೆ!

ಕಾರಣಗಳು ಇನ್ನೂ ಇವೆ. ಕ್ಯಾಮರಾದ ಸಂವೇದಕದಲ್ಲಿ ಒಂದು ಬಿಂದು ಕೆಟ್ಟು ಸದಾ ಕಪ್ಪಾಗಿಯೋ ಸದಾ ಬಿಳಿಯಾಗಿಯೋ ಉಳಿಯಬಹುದು. ಬಾಹ್ಯಾಕಾಶದಲ್ಲಿರುವ ದೂರದರ್ಶಕದ ಸಂವೇದಕಕ್ಕೆ ವಿಶ್ವಕಿರಣದ ಕಣವೊಂದು ಬಡಿದರೆ ಅಲ್ಲಿ ಬಿಳಿ ಚುಕ್ಕೆ ಮೂಡುತ್ತದೆ. ಸ್ಕ್ಯಾನರಿನ ಗಾಜಿನ ಮೇಲಿನ ಧೂಳೂ ಚಿತ್ರದ ಮೇಲೆ ಚುಕ್ಕೆಗಳನ್ನು ಉಂಟುಮಾಡುತ್ತದೆ.

ಹೀಗೆ ಅಲ್ಲಲ್ಲಿ, ಒಂಟಿಯಾಗಿ, ಅಕ್ಕಪಕ್ಕಕ್ಕೆ ಹೊಂದದಂತೆ ಬಂದು ಬೀಳುವ ದೋಷಕ್ಕೆ ತಂತ್ರಜ್ಞರು ಇಂಪಲ್ಸ್ ನಾಯ್ಸ್ ಎನ್ನುತ್ತಾರೆ. ನಾವು ದಿಢೀರ್ ಗದ್ದಲ ಎನ್ನೋಣ. ಶಾಂತವಾಗಿರುವ ತರಗತಿಯಲ್ಲಿ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಕೂಗಿದ ಹಾಗೆ. ಚುಕ್ಕೆಗಳು ಪೂರ್ಣ ಬಿಳಿ ಅಥವಾ ಪೂರ್ಣ ಕಪ್ಪು ಆಗಿದ್ದರೆ ಅದನ್ನು ಉಪ್ಪು-ಮೆಣಸಿನ ಗದ್ದಲ ಎಂದೂ ಕರೆಯುತ್ತಾರೆ. ಚಿತ್ರದ ಮೇಲೆ ಉಪ್ಪು ಮತ್ತು ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕಾಣುವುದರಿಂದ ಈ ಹೆಸರು.

ಬೀಸುವುದೋ, ಆರಿಸುವುದೋ?

ಚುಕ್ಕೆ ತೆಗೆಯಲು ಬಳಸುವ ವಿಧಾನಕ್ಕೆ ಫಿಲ್ಟರ್ ಅಥವಾ ಶೋಧಕ ಎಂದು ಹೆಸರು. ಚಿತ್ರದ ಮೇಲೆ ಮೂರು ಸಾಲು, ಮೂರು ಕಂಬಸಾಲುಗಳ ಒಂದು ಪುಟ್ಟ ಕಿಟಕಿಯನ್ನು ಇಡುತ್ತೇವೆ. ಕಿಟಕಿಯಲ್ಲಿ ಕಾಣುವ ಒಂಬತ್ತು ಸಂಖ್ಯೆಗಳಿಂದ ನಡುವಿನ ಚೌಕಕ್ಕೆ ಹೊಸ ಬೆಲೆ ಕಂಡುಹಿಡಿಯುತ್ತೇವೆ. ಆಮೇಲೆ ಕಿಟಕಿಯನ್ನು ಒಂದು ಚೌಕ ಮುಂದಕ್ಕೆ ಸರಿಸುತ್ತೇವೆ. ಹೀಗೆ ಇಡೀ ಚಿತ್ರ ಮುಗಿಯುವವರೆಗೆ.

ಒಂಬತ್ತರ ಸರಾಸರಿ ತೆಗೆದರೆ ಏನಾಗುತ್ತದೆ? ನಮ್ಮ ಉದಾಹರಣೆಯಲ್ಲಿ 255 ಇದ್ದ ಜಾಗಕ್ಕೆ 73 ಬಂತು. ಅಷ್ಟಕ್ಕೇ ಮುಗಿಯಲಿಲ್ಲ. ಕಿಟಕಿ ಪಕ್ಕಕ್ಕೆ ಸರಿದಾಗಲೂ ಆ 255 ಅದರೊಳಗೆ ಇದ್ದೇ ಇರುತ್ತದೆ. ಆದ್ದರಿಂದ ಸುತ್ತಲಿನ ಎಂಟು ಚೌಕಗಳೂ ಸುಮಾರು 23 ರಷ್ಟು ಬೆಳ್ಳಗಾಗುತ್ತವೆ. ಒಂದು ಚುಕ್ಕೆ ಹೋಗಿ ಒಂಬತ್ತು ಚೌಕಗಳ ಕಲೆಯಾಯಿತು. ಅಕ್ಕಿಯಲ್ಲಿರುವ ಕಲ್ಲನ್ನು ಆರಿಸದೆ ಅಕ್ಕಿಯ ಜೊತೆಗೇ ಬೀಸಿದಂತಾಯಿತು. ಕಲ್ಲು ಕಣ್ಣಿಗೆ ಕಾಣದು, ಆದರೆ ಪ್ರತಿ ತುತ್ತಿನಲ್ಲೂ ಹಲ್ಲಿಗೆ ಸಿಗುತ್ತದೆ.

ಈಗ ಇನ್ನೊಂದು ದಾರಿ. ಒಂಬತ್ತನ್ನೂ ಏರಿಕೆ ಕ್ರಮದಲ್ಲಿ ಬರೆಯಿರಿ: 48, 49, 50, 50, 51, 52, 52, 53, 255. ನಡುವಿನದು, ಅಂದರೆ ಐದನೆಯದು, 51. ಇದೇ ಮಧ್ಯಾಂಕ. 255 ರ ಬದಲು ಅಲ್ಲಿ ಸಾವಿರ ಇದ್ದರೂ ಮಧ್ಯಾಂಕ 51 ಆಗಿಯೇ ಉಳಿಯುತ್ತದೆ. ಕಲ್ಲು ಎಷ್ಟೇ ದೊಡ್ಡದಿರಲಿ, ಸಾಲಿನ ತುದಿಗೆ ಹೋಗಿ ನಿಲ್ಲುತ್ತದೆ ಅಷ್ಟೇ.

ಮಧ್ಯಾಂಕಕ್ಕೆ ಇನ್ನೊಂದು ಗುಣವಿದೆ. ಚಿತ್ರದಲ್ಲಿ ಕಪ್ಪು ಗೋಡೆ ಮುಗಿದು ಬಿಳಿ ಆಕಾಶ ಶುರುವಾಗುವ ಅಂಚು ಇದೆ ಎಂದುಕೊಳ್ಳಿ. ಕಿಟಕಿಯ ಎರಡು ಕಂಬಸಾಲುಗಳಲ್ಲಿ 50, ಒಂದು ಕಂಬಸಾಲಿನಲ್ಲಿ 200. ಸರಾಸರಿ 100, ಅಂಚು ಮಸುಕಾಯಿತು. ಮಧ್ಯಾಂಕ 50; ಗೋಡೆ ಗೋಡೆಯಾಗಿಯೇ ಉಳಿಯಿತು. ಒಂದು ಹೆಜ್ಜೆ ಮುಂದೆ ಹೋದರೆ ಸರಾಸರಿ 150, ಮಧ್ಯಾಂಕ 200. ಮಕ್ಕಳೇ ಇದನ್ನು ಲೆಕ್ಕ ಹಾಕಿ ನೋಡಲಿ.

ಕಿಟಕಿ ಸರಿಸುತ್ತಾ ಮಧ್ಯಾಂಕ ತೆಗೆದು ದತ್ತಾಂಶಗಳನ್ನು ನಯಗೊಳಿಸುವ ಈ ಉಪಾಯವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ (1915-2000). 1977 ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಇದನ್ನು ಕಾಗದ-ಪೆನ್ಸಿಲ್ ಹಿಡಿದು ಮಾಡುವ ಕೆಲಸವಾಗಿಯೇ ವಿವರಿಸಿದ್ದಾರೆ. ಗಣಕಯಂತ್ರದ 0, 1 ಅಂಕಿಗೆ 'ಬಿಟ್' ಎಂಬ ಹೆಸರನ್ನು ಕೊಟ್ಟವರೂ ಇವರೇ. 1979 ರಲ್ಲಿ ಥಾಮಸ್ ಹುವಾಂಗ್ ಮತ್ತು ಸಂಗಡಿಗರು ಚಿತ್ರಗಳಿಗೆ ಇದನ್ನು ವೇಗವಾಗಿ ಮಾಡುವ ವಿಧಾನ ತೋರಿಸಿದರು. ಕಿಟಕಿ ಸರಿದಾಗಲೆಲ್ಲ ಎಲ್ಲ ಸಂಖ್ಯೆಗಳನ್ನೂ ಹೊಸದಾಗಿ ಜೋಡಿಸಬೇಕಿಲ್ಲ. ಹೊರಹೋದ ಕಂಬಸಾಲನ್ನು ಕಳೆದು ಒಳಬಂದ ಕಂಬಸಾಲನ್ನು ಸೇರಿಸಿದರೆ ಸಾಕು ಎಂಬುದು ಅದರ ತಿರುಳು.

ಹಾಗೆಂದು ಸರಾಸರಿ ಕೆಟ್ಟದ್ದೆಂದು ಮಕ್ಕಳಿಗೆ ಹೇಳಬೇಡಿ. ಎಲ್ಲ ಸಂಖ್ಯೆಗಳೂ ಸ್ವಲ್ಪ ಸ್ವಲ್ಪ ಹೆಚ್ಚುಕಡಿಮೆಯಾಗಿರುವ ಕಡೆ ಸರಾಸರಿಯೇ ಒಳ್ಳೆಯ ಸಾಧನ. ದೋಷ ಯಾವ ಬಗೆಯದು ಎಂದು ಮೊದಲು ತಿಳಿಯಬೇಕು, ಮದ್ದು ಆಮೇಲೆ.

ಶುಚಿ ಮಾಡಲು ಹೋಗಿ...

ಇಲ್ಲಿಯವರೆಗೆ ಮಧ್ಯಾಂಕವನ್ನು ಹೊಗಳಿದ್ದಾಯಿತು. ಈಗ ಅದರ ಅಪಾಯವನ್ನೂ ನೋಡಬೇಕು.

ಸ್ಕ್ಯಾನ್ ಮಾಡಿದ ಒಂದು ಕನ್ನಡ ಪುಟವನ್ನು ಊಹಿಸಿಕೊಳ್ಳಿ. ಅದರಲ್ಲಿ 'ಧನ' ಎಂಬ ಪದವಿದೆ. 'ದ' ಮತ್ತು 'ಧ' ಅಕ್ಷರಗಳಿಗೆ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳುಗೆರೆ. ಅಕ್ಷರದ ಮೈ ದಪ್ಪವಾಗಿದ್ದು, ಆ ಗೆರೆ ಒಂದೇ ಪಿಕ್ಸೆಲ್ ಅಗಲವಿದ್ದರೆ? ಗೆರೆಯ ಮೇಲೆ ಕಿಟಕಿ ಇಟ್ಟಾಗ ಒಂಬತ್ತು ಚೌಕಗಳಲ್ಲಿ ಮೂರು ಕಪ್ಪು, ಆರು ಬಿಳಿ. ಮಧ್ಯಾಂಕ ಬಿಳಿ. ಗೆರೆಯ ಬಹುಪಾಲು ಅಳಿದುಹೋಯಿತು. ಧನ ಹೋಗಿ ದನವಾಯಿತು!

ಇದನ್ನು ಓದಿ ನಗಬಹುದು. ಆದರೆ ಅಂಕಿಗಳ ವಿಷಯದಲ್ಲಿ ನಗುವಂತಿಲ್ಲ. 1.5 ಎಂಬಲ್ಲಿನ ದಶಮಾಂಶ ಬಿಂದು ಎರಡು ಪಿಕ್ಸೆಲ್ ಉದ್ದ, ಎರಡು ಪಿಕ್ಸೆಲ್ ಅಗಲ ಇದೆ ಎನ್ನಿ. ಕಿಟಕಿಯನ್ನು ಎಲ್ಲಿಟ್ಟರೂ ನಾಲ್ಕಕ್ಕಿಂತ ಹೆಚ್ಚು ಕಪ್ಪು ಚೌಕ ಸಿಗುವುದಿಲ್ಲ. ಐದನೆಯದು ಬಿಳಿಯೇ. ಬಿಂದು ಮಾಯವಾಗಿ 1.5 ಮಿಲಿಲೀಟರ್ ಔಷಧ 15 ಮಿಲಿಲೀಟರ್ ಎಂದು ಓದುವಂತಾದರೆ ಗತಿಯೇನು? ಧೂಳಿನ ಚುಕ್ಕೆಗೂ ದಶಮಾಂಶ ಬಿಂದುವಿಗೂ ಇರುವ ಭೇದ ಶೋಧಕಕ್ಕೆ ತಿಳಿಯದು. ರಾತ್ರಿಯ ಆಕಾಶದ ಚಿತ್ರದಲ್ಲಿ ಒಂಟಿ ಬಿಳಿ ಚುಕ್ಕೆ ಕೆಟ್ಟ ಪಿಕ್ಸೆಲ್ ಆಗಿರಬಹುದು, ನಕ್ಷತ್ರವೂ ಆಗಿರಬಹುದು. ಎರಡನ್ನೂ ಅದು ಒಂದೇ ರೀತಿ ಅಳಿಸುತ್ತದೆ.

ವಿಜ್ಞಾನದ ಚರಿತ್ರೆಯಲ್ಲಿ ಇಂತಹ ಒಂದು ಚುಕ್ಕೆಯ ಕಥೆ ಪ್ರಸಿದ್ಧವಾಗಿದೆ. 1967 ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ ರೇಡಿಯೋ ದೂರದರ್ಶಕದ ದಾಖಲೆಗಳನ್ನು ಪರಿಶೀಲಿಸುತ್ತಿದ್ದರು. ದಿನಕ್ಕೆ ಸುಮಾರು 30 ಮೀಟರ್ ಉದ್ದದ ಕಾಗದ. ಅದರಲ್ಲಿ ಬೆರಳಗಲಕ್ಕೂ ಕಡಿಮೆ ಜಾಗದಲ್ಲಿ ಒಂದು ಒರಟು ಗೀಚು. ಭೂಮಿಯ ಮೇಲಿನ ಯಂತ್ರಗಳ ಗದ್ದಲವಿರಬೇಕು ಎಂದು ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಅದು ಆಕಾಶದ ಅದೇ ಜಾಗದಿಂದ ಮತ್ತೆ ಮತ್ತೆ ಬರುತ್ತಿದೆ ಎಂದು ಗುರುತಿಸಿದರು. ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ ಆ ಗೀಚು ಸುಮಾರು 1.3 ಸೆಕೆಂಡಿಗೊಮ್ಮೆ ಬರುವ ಮಿಡಿತಗಳಾಗಿ ಬಿಡಿಸಿಕೊಂಡಿತು. ಅದೇ ಮೊದಲ ಪಲ್ಸಾರ್, ಅಂದರೆ ಮಿಡಿಯುವ ತಾರೆ. ಅಂದು ಆ ಕಾಗದವನ್ನು ಕಣ್ಣುಮುಚ್ಚಿ 'ಶುಚಿ' ಮಾಡಿದ್ದರೆ ಆ ತಾರೆಯ ಗುರುತೂ ಅದರೊಡನೆ ಹೋಗುತ್ತಿತ್ತು.

ಸಂದೇಹ ಮೊದಲು, ಬದಲಾವಣೆ ನಂತರ

ಹಾಗಾದರೆ ಮಾಡುವುದೇನು? ತಂತ್ರಜ್ಞರು ಈ ತೊಂದರೆಗೆ ಕಂಡುಕೊಂಡಿರುವ ದಾರಿಗಳು ಮಕ್ಕಳಿಗೂ ಅರ್ಥವಾಗುವಂತಹವು.

ಮೊದಲನೆಯದು, ಎಲ್ಲ ಚೌಕಗಳನ್ನೂ ಬದಲಿಸಬೇಡಿ. ಒಂದು ಚೌಕದ ಬೆಲೆ 0 ಅಥವಾ 255 ಆಗಿದೆಯೇ, ನೆರೆಯ ಚೌಕಗಳ ಮಧ್ಯಾಂಕಕ್ಕಿಂತ ಬಹಳ ದೂರವಿದೆಯೇ ಎಂದು ಪರೀಕ್ಷಿಸಿ. ಸಂದೇಹ ಬಂದ ಚೌಕಕ್ಕೆ ಮಾತ್ರ ಮಧ್ಯಾಂಕ ಹಾಕಿ. ಉಳಿದವನ್ನು ಮುಟ್ಟಬೇಡಿ. ಬಿಸಿಯೂಟದ ಅಕ್ಕಿ ಆರಿಸುವ ತಾಯಂದಿರು ಮೊರದಲ್ಲಿ ಕಲ್ಲನ್ನು ಹುಡುಕಿ ತೆಗೆಯುತ್ತಾರೆಯೇ ಹೊರತು ಎಲ್ಲ ಕಾಳುಗಳನ್ನೂ ಬದಲಿಸುವುದಿಲ್ಲ.

ಎರಡನೆಯದು, ಗದ್ದಲ ಹೆಚ್ಚಾಗಿದ್ದರೆ ಕಿಟಕಿ ದೊಡ್ಡದಾಗಲಿ. ಒಂಬತ್ತರಲ್ಲಿ ಐದು ಚೌಕಗಳು ಬಿಳಿ ಚುಕ್ಕೆಗಳೇ ಆದರೆ ಮಧ್ಯಾಂಕವೂ ಬಿಳಿಯೇ ಆಗುತ್ತದೆ. ಆಗ ಐದು ಸಾಲು, ಐದು ಕಂಬಸಾಲುಗಳ ಕಿಟಕಿ ಬೇಕಾಗಬಹುದು. ಆದರೆ ಕಿಟಕಿ ದೊಡ್ಡದಾದಷ್ಟೂ ಸಣ್ಣ ವಿವರಗಳು ಹೆಚ್ಚು ಅಳಿಯುತ್ತವೆ ಎಂಬುದು ನೆನಪಿರಲಿ.

ಮೂರನೆಯದು, ಸಾಧ್ಯವಿದ್ದರೆ ಮತ್ತೊಮ್ಮೆ ನೋಡಿ. 1990 ರಲ್ಲಿ ಕಕ್ಷೆಗೆ ಸೇರಿದ ಹಬಲ್ ದೂರದರ್ಶಕದಲ್ಲಿ ಆಕಾಶದ ಒಂದೇ ಭಾಗದ ಚಿತ್ರವನ್ನು ಎರಡು ಅಥವಾ ಹೆಚ್ಚು ಬಾರಿ ತೆಗೆಯುವ ಕ್ರಮವಿದೆ. ವಿಶ್ವಕಿರಣ ಪ್ರತಿ ಬಾರಿಯೂ ಅದೇ ಚೌಕಕ್ಕೆ ಬಡಿಯುವುದಿಲ್ಲ. ನಕ್ಷತ್ರ ಮಾತ್ರ ಎಲ್ಲ ಚಿತ್ರಗಳಲ್ಲೂ ತನ್ನ ಜಾಗದಲ್ಲೇ ಇರುತ್ತದೆ. ಬೆಲ್ ಅವರು ಮಾಡಿದ್ದೂ ಇದನ್ನೇ. ಮತ್ತೆ ಬರುತ್ತದೆಯೇ ಎಂದು ಕಾದು ನೋಡಿದರು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಮೂಲ ಚಿತ್ರವನ್ನು ಉಳಿಸಿಕೊಳ್ಳಿ. ಶುಚಿ ಮಾಡಿದ್ದು ಪ್ರತಿಯಾಗಿರಲಿ. ನಾಳೆ ಸಂದೇಹ ಬಂದರೆ ಹಿಂದಿರುಗಿ ನೋಡಲು ಮೂಲ ಬೇಕು.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ಬೇಕಾದದ್ದು ಚೌಕಳಿ ಹಾಳೆಯ ಗಣಿತ ಪುಸ್ತಕ ಮತ್ತು ಪೆನ್ಸಿಲ್ ಮಾತ್ರ.

ಮೊದಲು ಒಂಬತ್ತು ಮಕ್ಕಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿ. ಐದನೆಯ ಮಗು ಒಂದು ಹೆಜ್ಜೆ ಮುಂದೆ ಬರಲಿ. ಈಗ ಎಲ್ಲರಿಗಿಂತ ಎತ್ತರದ ಮಗುವನ್ನು ಬೆಂಚಿನ ಮೇಲೆ ನಿಲ್ಲಿಸಿ. ನಡುವಿನ ಮಗು ಬದಲಾಯಿತೇ? ಇಲ್ಲ. ಸರಾಸರಿ ಎತ್ತರ? ಏರಿತು. ಮಧ್ಯಾಂಕದ ಪಾಠ ಇಷ್ಟರಲ್ಲೇ ಆಯಿತು.

ನಂತರ ಆರು ಸಾಲು, ಆರು ಕಂಬಸಾಲುಗಳ ಚೌಕ ಬರೆಸಿ. ಎಡಗಡೆಯ ಮೂರು ಕಂಬಸಾಲುಗಳಲ್ಲಿ 2, ಬಲಗಡೆಯ ಮೂರರಲ್ಲಿ 7. ಇದು ಮೂಲ ಚಿತ್ರ. ಮಕ್ಕಳು ಮೂರು ಮೂರು ಜನರ ಗುಂಪಾಗಲಿ. ಮೊದಲನೆಯವರು ಚಿತ್ರ ಬರೆಯಲಿ. ಎರಡನೆಯವರು ಅದರ ಪ್ರತಿ ಮಾಡಿ ಮೂರ್ನಾಲ್ಕು ಚೌಕಗಳಲ್ಲಿ 0 ಅಥವಾ 9 ಹಾಕಲಿ. ಮೂರನೆಯವರು ಮೂಲವನ್ನು ನೋಡದೆ ಅದನ್ನು ಶುಚಿ ಮಾಡಲಿ. ಅಂಚಿನ ಚೌಕಗಳನ್ನು ಸದ್ಯಕ್ಕೆ ಹಾಗೆಯೇ ಬಿಡಿ. ಒಮ್ಮೆ ಸರಾಸರಿಯಿಂದ, ಒಮ್ಮೆ ಮಧ್ಯಾಂಕದಿಂದ ಮಾಡಿಸಿ ಮೂರೂ ಹಾಳೆಗಳನ್ನು ಹೋಲಿಸಿ. ಸಂಖ್ಯೆಗೊಂದು ಬಣ್ಣ ತುಂಬಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ.

ಕೊನೆಗೆ ಒಂದು ತಕರಾರು ಇಡಿ. ಮೂಲ ಚಿತ್ರದಲ್ಲೇ ಒಂದು ಚೌಕದಲ್ಲಿ 9 ಬರೆದು, "ಇದು ನಕ್ಷತ್ರ" ಎಂದು ಮೊದಲನೆಯವರ ಕಿವಿಯಲ್ಲಿ ಮಾತ್ರ ಹೇಳಿ. ಮೂರನೆಯವರು ಅದನ್ನೂ ಅಳಿಸುತ್ತಾರೆ. ಆಗ ಏಳುವ ಜಗಳವನ್ನು ನಿಲ್ಲಿಸಬೇಡಿ. "ನನಗೆ ಹೇಗೆ ಗೊತ್ತಾಗಬೇಕಿತ್ತು?" ಎಂದು ಮೂರನೆಯ ಮಗು ಕೇಳುತ್ತದಲ್ಲ, ಆ ಪ್ರಶ್ನೆಯೇ ಇಡೀ ಪಾಠದ ಫಲ.

ಇದೆಲ್ಲ ಪ್ರಾಥಮಿಕ ಶಾಲೆಗೆ ಏಕೆ?

ಪಾಠಗಳೇ ಮುಗಿಯುತ್ತಿಲ್ಲ, ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ, ಇದಕ್ಕೆ ಸಮಯವೆಲ್ಲಿದೆ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ಏರಿಕೆ ಕ್ರಮ, ಸ್ಥಾನಬೆಲೆ, ಸರಾಸರಿ, ಮಧ್ಯಾಂಕ ಇವೆಲ್ಲ ಹೇಗೂ ಕಲಿಸಲೇಬೇಕಾದವು. ನಾಲ್ಕನ್ನೂ ಒಂದೇ ಹಾಳೆಯ ಮೇಲೆ ಕಲಿಸುವ ಅವಕಾಶ ಇಲ್ಲಿದೆ. ಮೊಬೈಲಿನಲ್ಲಿ ಇದೆಲ್ಲ ತಾನಾಗಿಯೇ ಆಗುತ್ತದಲ್ಲ ಎಂದರೆ, ಕಲಿಸಬೇಕಾಗಿರುವುದು ಅದಕ್ಕಾಗಿಯೇ. ಇಂದಿನ ಮೊಬೈಲ್ ಕ್ಯಾಮರಾ ಚಿತ್ರ ತೆಗೆದ ಕ್ಷಣದಲ್ಲೇ ಅದನ್ನು ಸೋಸಿ ಕೈಗಿಡುತ್ತದೆ. ಏನನ್ನು ಉಳಿಸಿತು, ಏನನ್ನು ಬಿಟ್ಟಿತು ಎಂದು ಹೇಳುವುದಿಲ್ಲ. ಹಾಗೆ ಕೇಳಬೇಕೆಂಬ ಅರಿವು ನಮ್ಮ ಮಕ್ಕಳಿಗಾದರೂ ಇರಬೇಡವೇ?

ಇದಕ್ಕಿಂತ ಹತ್ತಿರದ ಕಾರಣ ಇನ್ನೊಂದಿದೆ. ಶಾಲೆಗಳಿಗೆ ಭೇಟಿ ಕೊಡುವಾಗ ನಾನು ಮಕ್ಕಳ ಪ್ರಯೋಗ ಪುಸ್ತಕಗಳನ್ನು ತೆರೆದು ನೋಡುತ್ತೇನೆ. ಒಂದು ಶಾಲೆಯಲ್ಲಿ ಐದು ಗುಂಪುಗಳು ಧ್ವಜಸ್ತಂಭದ ಪಕ್ಕ ನೆಟ್ಟ ಕೋಲಿನ ನೆರಳನ್ನು ಅಳೆದಿದ್ದವು. ನಾಲ್ಕು ಪುಸ್ತಕಗಳಲ್ಲಿ 61, 62, 62, 63 ಸೆಂಟಿಮೀಟರ್. ಐದನೆಯದರಲ್ಲಿ 89 ಎಂದು ಬರೆದದ್ದನ್ನು ರಬ್ಬರಿನಿಂದ ಉಜ್ಜಿ 62 ಮಾಡಲಾಗಿತ್ತು. ಹಳೆಯ ಅಂಕಿಯ ಗುರುತು ಇನ್ನೂ ಕಾಣುತ್ತಿತ್ತು. ವಿಚಾರಿಸಿದಾಗ ಆ ಗುಂಪಿನ ಹುಡುಗಿ, "ನಮಗೆ ಟೇಪು ಸಿಕ್ಕಿದ್ದೇ ಕೊನೆಗೆ ಸಾರ್, ಆಗ ಹೊತ್ತು ಇಳಿದಿತ್ತು" ಎಂದಳು. ಅವಳು ಅಳೆದದ್ದು ಸರಿಯಾಗಿಯೇ ಇತ್ತು. ಸೂರ್ಯ ಪಶ್ಚಿಮಕ್ಕೆ ವಾಲಿದಂತೆ ನೆರಳು ಉದ್ದವಾಗುತ್ತದೆ ಎಂಬ ಪಾಠ ಆ 89 ರಲ್ಲೇ ಇತ್ತು. ಉಜ್ಜಿದ್ದರಿಂದ ಪುಸ್ತಕ ಶುಚಿಯಾಯಿತು, ಪಾಠ ಹೋಯಿತು. ತಾನು ಕಣ್ಣಾರೆ ಕಂಡದ್ದು ಇತರರಂತೆ ಇಲ್ಲದಿದ್ದರೆ ಅಳಿಸಬೇಕು ಎಂಬ ಇನ್ನೊಂದು ಪಾಠವನ್ನು ಆ ಹುಡುಗಿ ಕಲಿತಳು. ಅದು ವಿಜ್ಞಾನಕ್ಕೆ ವಿರುದ್ಧವಾದ ಪಾಠ.

ಹೊಂದದ ಅಂಕಿಯನ್ನು ಉಜ್ಜಬೇಡಿ. ಅದರ ಸುತ್ತ ಒಂದು ವೃತ್ತ ಎಳೆಸಿ. ಪಕ್ಕದಲ್ಲಿ "ಏಕೆ?" ಎಂದು ಬರೆಸಿ. ಮತ್ತೊಮ್ಮೆ ಅಳೆಸಿ. ಅಳತೆ ತಪ್ಪಾಗಿತ್ತೆಂದು ಖಚಿತವಾದರೆ ಹೊಸ ಅಂಕಿಯನ್ನು ಪಕ್ಕದಲ್ಲಿ ಬರೆಯಲಿ, ಹಳೆಯದು ಓದಲು ಬರುವಂತೆ ಒಂದೇ ಗೆರೆ ಹೊಡೆಯಲಿ. ಒಳ್ಳೆಯ ಶೋಧಕ ಚಿತ್ರದಲ್ಲಿ ಮಾಡುವುದನ್ನೇ ಮಗು ತನ್ನ ಪುಸ್ತಕದಲ್ಲಿ ಮಾಡಿದಂತಾಗುತ್ತದೆ.

ಮುಂದಿನ ಬಾರಿ ದತ್ತಾಂಶಗಳ ಪಾಠ ಬಂದಾಗ ಎರಡು ಪಿರಿಯಡ್‌ಗಳನ್ನು ಈ ಚಟುವಟಿಕೆಗೆ ಮೀಸಲಿಡಿ. ಮಕ್ಕಳು ಬಣ್ಣ ತುಂಬಿದ ಹಾಳೆಗಳನ್ನು ವಿಜ್ಞಾನ ಮೂಲೆಯ ಗೋಡೆಗೆ ಅಂಟಿಸಿ. ಶುಚಿ ಮಾಡಿದ ಚಿತ್ರವನ್ನು ಮಾತ್ರವಲ್ಲದೆ, ಚುಕ್ಕೆಗಳಿರುವ ಚಿತ್ರವನ್ನೂ ಅದರ ಪಕ್ಕದಲ್ಲೇ ಅಂಟಿಸಿ.